ತೊಳೆದಿಟ್ಟ ತಟ್ಟೆ

"ಗುರುಗಳೇ, ಯಾರಿಗೂ ಭಾರವಾಗದೆ ಬದುಕುವುದು ಹೇಗೆ?"

ಕೇಳಿದವನು ಮರಿಸ್ವಾಮಿ. ಮಠಕ್ಕೆ ಬಂದು ಸೇರಿದ ಮೇಲೆ ಅವನು ಯಾರಿಂದಲೂ ಒಂದು ಚೊಂಬು ನೀರು ಕೇಳಿದವನಲ್ಲ. ಆ ವಾರ ಜ್ವರ ಬಂದು ಮಲಗಿದಾಗಲೂ ಕೋಣೆಗೆ ಒಳಗಿನಿಂದ ಚಿಲಕ ಹಾಕಿಕೊಂಡಿದ್ದ. ಗಂಜಿ ತಂದವರು ಬಾಗಿಲು ಬಡಿದು, ಬಟ್ಟಲನ್ನು ಹೊಸ್ತಿಲ ಬಳಿ ಇಟ್ಟು ಹೋಗಿದ್ದರು.

ಗುರುಗಳು ಅವನ ಮುಖ ನೋಡಿದರು. "ಕೂತುಕೋ. ಒಬ್ಬ ದರ್ಜಿಯ ಕತೆ ಹೇಳುತ್ತೇನೆ. ಅದರಲ್ಲಿ ಪಾತ್ರೆ ತೊಳೆಯುವ ಮೆಷೀನು ಒಂದು ಬರುತ್ತದೆ."

"ಮೆಷೀನೇ? ಯಾವುದಾದರೂ ರಾಜನ ಕತೆ ಹೇಳುತ್ತೀರಿ ಅಂದುಕೊಂಡಿದ್ದೆ."

"ರಾಜರು ತಟ್ಟೆ ತೊಳೆದವರಲ್ಲ ಕಣಯ್ಯ. ನಿನ್ನ ಪ್ರಶ್ನೆ ಅವರಿಗೆ ಅರ್ಥವಾಗುವುದಿಲ್ಲ" ಎಂದು ಗುರುಗಳು ಕತೆ ಶುರುಮಾಡಿದರು.

ಒಂದು ಪೇಟೆಯಲ್ಲಿ ಒಬ್ಬ ದರ್ಜಿಯಿದ್ದ. ಅವತ್ತು ಬುಧವಾರ. ಎಂದಿನ ಹಾಗೆ ಉಪ್ಪಿಟ್ಟು ತಿಂದ, ತಟ್ಟೆಯನ್ನು ಕೂತಲ್ಲೇ ಬಿಟ್ಟು ಕೈತೊಳೆದ, ಅಂಗಡಿಗೆ ಹೋದ. ಮದುವೆಯಾದಾಗಿನಿಂದ ಅವನು ತನ್ನ ತಟ್ಟೆಯನ್ನು ತಾನು ಎತ್ತಿದವನಲ್ಲ. ಎತ್ತುವವಳು ಹೆಂಡತಿ. ಅದಕ್ಕಾಗಿ ಅವಳು ಗೊಣಗಿದ್ದೂ ಇಲ್ಲ, ಅವನು ಅದನ್ನು ಗಮನಿಸಿದ್ದೂ ಇಲ್ಲ. ಮಧ್ಯಾಹ್ನ ಪಕ್ಕದ ಮನೆಯವರು ಅಂಗಡಿಗೆ ಓಡಿಬಂದರು. ಅಡುಗೆಮನೆಯ ಗೋಡೆಗೆ ಒರಗಿ ಕೂತ ಹೆಂಡತಿ ಮತ್ತೆ ಎದ್ದಿರಲಿಲ್ಲ. ಜನ ಬಂದರು, ಮಾಡಬೇಕಾದದ್ದನ್ನು ಮಾಡಿದರು, ಹೋದರು. ಎಲ್ಲ ಮುಗಿದು ಅವನು ಒಳಗೆ ಬಂದಾಗ ತಟ್ಟೆ ಬಿಟ್ಟಲ್ಲೇ ಇತ್ತು. ಅಂಚಿನಲ್ಲಿ ರವೆ ಒಣಗಿ ಹತ್ತಿಕೊಂಡಿತ್ತು. ಅವನು ಹೊರಟೊಡನೆಯೇ ಅವಳಿಗೆ ಹಾಗಾಗಿರಬೇಕು.

ದರ್ಜಿ ಆ ತಟ್ಟೆಯನ್ನು ತೊಳೆದಿಟ್ಟ. ಇನ್ನು ಮುಂದೆ ತನ್ನ ಎಂಜಲನ್ನು ಬೇರೆಯವರು ಮುಟ್ಟುವ ಹಾಗಾಗಬಾರದು ಎಂದು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡ.

ಅವನಿಗೆ ಇದ್ದವಳು ಒಬ್ಬಳೇ ಮಗಳು. ಅವಳು ಬಂದು ಅಪ್ಪನನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಹೆಣ್ಣು ಕೊಟ್ಟ ಮನೆಯಲ್ಲಿ ಹೋಗಿ ಕೂರುವುದು ಅವನಿಗೆ ಮುಳ್ಳಿನ ಮೇಲೆ ಕೂತ ಹಾಗೆ. ಬಡಿಸಲು ಬಂದರೆ "ಸಾಕು" ಎನ್ನುತ್ತಿದ್ದ. ಏನಾದರೂ ಬೇಕೇ ಎಂದರೆ "ಪರವಾಗಿಲ್ಲ" ಎನ್ನುತ್ತಿದ್ದ. ಈ ಎರಡು ಮಾತಿನಲ್ಲೇ ಅವನ ದಿನ ಸಾಗುತ್ತಿತ್ತು.

ಮಗಳಿಗೆ ಮಣಿಕಟ್ಟಿನ ನೋವು. ತಿಕ್ಕಿ ತೊಳೆಯುವ ಕೆಲಸ ಕೂಡದು ಎಂದು ಡಾಕ್ಟರು ಹೇಳಿದ್ದರಿಂದ ಮನೆಗೆ ಡಿಶ್‌ವಾಷರ್ ತಂದಿದ್ದರು. ಮೊದಲ ದಿನವೇ ಅವಳು ಅದರ ಬಾಗಿಲು ತೆಗೆದು ತೋರಿಸಿದಳು. "ನೋಡಪ್ಪಾ, ತಟ್ಟೇಲಿ ಉಳಿದದ್ದನ್ನ ಬುಟ್ಟಿಗೆ ಹಾಕಿ ಇಲ್ಲಿ ನಿಲ್ಲಿಸಿದರೆ ಆಯ್ತು. ಮಿಕ್ಕಿದ್ದು ಇದು ನೋಡ್ಕೊಳ್ಳುತ್ತೆ."

ದರ್ಜಿ ತಲೆಯಾಡಿಸಿದ. ಆದರೆ ಎಂಜಲು ತಟ್ಟೆಯನ್ನು ಮಗಳ ಕಣ್ಣಿಗೆ ಬೀಳುವ ಹಾಗೆ ಬಿಡಲು ಮನಸ್ಸು ಬರಲಿಲ್ಲ. ಮಗಳು ಅಳಿಯ ಕೆಲಸಕ್ಕೆ ಹೊರಟ ಮೇಲೆ ಸಿಂಕಿನ ಪಕ್ಕದ ಬಾಟಲಿಯಿಂದ ಸೋಪು ಸುರಿದು ತಟ್ಟೆ ತೊಳೆಯುತ್ತಿದ್ದ. ತೊಳೆಯುತ್ತ ತೊಳೆಯುತ್ತ ಮಗಳ ಕೈನೋವು ನೆನಪಾಗಿ ಉಳಿದ ಪಾತ್ರೆಗಳಿಗೂ ನೊರೆ ಹಚ್ಚುತ್ತಿದ್ದ. ಅವಳ ಮನೆಯ ನೀರು ಖರ್ಚಾದೀತೆಂದು ನಲ್ಲಿಯನ್ನು ಸಣ್ಣಗೆ ಬಿಟ್ಟು, ಮೇಲೆ ಮೇಲೆ ಜಾಲಿಸುತ್ತಿದ್ದ. ಆಮೇಲೆ ಎಲ್ಲವನ್ನೂ, ತೊಳೆಯದೇ ಇಟ್ಟವರ ಹಾಗೆ, ಮೆಷೀನಿನಲ್ಲಿ ಜೋಡಿಸುತ್ತಿದ್ದ. ಸಂಜೆ ಮಗಳು ಅದರ ಜೊತೆಗೆ ಇನ್ನಷ್ಟು ಪಾತ್ರೆ ಇಟ್ಟು, ಮೆಷೀನಿನ ಪುಡಿ ಹಾಕಿ, ಗುಂಡಿ ಒತ್ತುತ್ತಿದ್ದಳು.

ಕೆಲವೇ ದಿನಗಳಲ್ಲಿ ಮೆಷೀನಿನ ಬಾಗಿಲ ಕೆಳಗಿನಿಂದ ನೀರು ಸೋರತೊಡಗಿತು.

ಬಾಗಿಲ ಸುತ್ತಲಿನ ರಬ್ಬರಿನಲ್ಲಿ ಜಿಡ್ಡು ಕೂತಿರಬಹುದೆಂದು ಮಗಳು ಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿದಳು. ರಬ್ಬರು ಕಾಣದ ಕೆಳಗಿನ ಅಂಚನ್ನೂ ಬಿಡಲಿಲ್ಲ. ಬಾಗಿಲ ಸಂದಿಗೆ ಕಾಗದದ ಚೂರು ಸಿಕ್ಕಿಸಿ ಎಳೆದು ನೋಡಿದಳು. ಕಾಗದ ಬಿಗಿಯಾಗಿಯೇ ಇತ್ತು. ಅಳಿಯ ಮೆಷೀನಿನ ಮೇಲೆ ನೀರು ತುಂಬಿದ ತಟ್ಟೆ ಇಟ್ಟು ಮಟ್ಟ ನೋಡಿದ. ಒಂದು ಕಾಲು ತುಸು ತಗ್ಗಿತ್ತು. ಅದನ್ನು ತಿರುಗಿಸಿ ಎತ್ತರಿಸಿದ. ಸೋರುವುದು ನಿಲ್ಲಲಿಲ್ಲ.

"ನೋಡಿ ಮಾವ, ನಿಮ್ಮ ಮಗಳು ಇಷ್ಟಪಟ್ಟು ತಂದ ಮೆಷೀನು. ಥೇಟ್ ಇವಳ ಹಾಗೇ. ಒಂದು ಮಾತು ಹೆಚ್ಚಾದರೆ ಸಾಕು, ಗಳಗಳ" ಎಂದ ಅಳಿಯ.

"ರೀ, ಬಾಯಿ ಆಡಿದಷ್ಟು ಕೈನೂ ಆಡಲಿ. ಅಲ್ಲಿ ಮೂಲೇಲಿ ನೀರು ಹಾಗೇ ಇದೆ" ಎಂದಳು ಮಗಳು.

ಇಬ್ಬರೂ ನಕ್ಕರು. ದರ್ಜಿ ನಗಲಿಲ್ಲ. ಅಳಿಯನ ಕೈಯಿಂದ ಒರೆಸುವ ಬಟ್ಟೆ ತೆಗೆದುಕೊಂಡು ತಾನೇ ಮಂಡಿಯೂರಿದ.

ರಿಪೇರಿಯವನು ಬಂದು ಹೊಸ ರಬ್ಬರು ಹಾಕಿದ. ಖಾಲಿ ಮೆಷೀನು ಓಡಿಸಿ ತೋರಿಸಿದ. ಒಂದು ಹನಿಯೂ ಬರಲಿಲ್ಲ. ಅವನು ಹೋದ ಸಂಜೆ ಪಾತ್ರೆ ತುಂಬಿ ಓಡಿಸಿದರೆ ಮತ್ತೆ ಸೋರಿತು. ದೊಡ್ಡ ಬಾಣಲೆಗೆ ನೀರು ಬಡಿದು ಬಾಗಿಲಿಗೆ ಚಿಮ್ಮುತ್ತಿರಬಹುದೆಂದು ಮಗಳು ಅದನ್ನು ಹಿಂದಕ್ಕೆ ಸರಿಸಿದಳು. ಆಗಲೂ ಸೋರಿತು. ಸೋರುವ ಮೆಷೀನು ಸರಿಯಾಗಿ ತೊಳೆಯಲಾರದು ಎಂದುಕೊಂಡ ದರ್ಜಿ ಮಾರನೆಯ ದಿನದಿಂದ ಇನ್ನೊಂದು ಸುತ್ತು ಸೋಪು ಹಚ್ಚತೊಡಗಿದ. ಸೋರುವುದು ಹೆಚ್ಚಾಯಿತು.

ಕೆಳಗಿನ ಮನೆಯವರು ಬಂದು ತಮ್ಮ ಸೂರಿನಲ್ಲಿ ತೇವ ಮೂಡಿದೆ ಎಂದು ಹೇಳಿಹೋದರು. ಅಳಿಯ ಬೇಸತ್ತು, "ಇದರ ಸಹವಾಸವೇ ಬೇಡ, ಯಾರಿಗಾದರೂ ಕೊಟ್ಟುಬಿಡೋಣ" ಎಂದ. ಕೋಣೆಯಲ್ಲಿದ್ದ ದರ್ಜಿಗೆ ಅದು ಕೇಳಿಸಿತು. ಕೊಟ್ಟುಬಿಟ್ಟರೆ ಮಗಳು ಮತ್ತೆ ನೋಯುವ ಕೈಯಲ್ಲೇ ತಿಕ್ಕಬೇಕು. ತಾನು ಬರುವ ಮೊದಲು ಮೆಷೀನು ಚೆನ್ನಾಗಿತ್ತು. ಇಬ್ಬರ ಪಾತ್ರೆಗೆಂದು ತಂದದ್ದಕ್ಕೆ ಮೂರನೆಯವನ ಪಾತ್ರೆ ಹೆಚ್ಚಾಯಿತು. ತಾನು ಹೋದರೆ ಎಲ್ಲ ಮೊದಲಿನ ಹಾಗಾಗುತ್ತದೆ. ಹೀಗೆ ಲೆಕ್ಕ ಹಾಕಿ ಅವನು ತನ್ನ ಬಟ್ಟೆಗಳನ್ನು ಚೀಲಕ್ಕೆ ತುಂಬಿಟ್ಟ.

ಭಾನುವಾರ ಮಧ್ಯಾಹ್ನ ಮಗಳು ತಾರಸಿಯಲ್ಲಿ ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ದರ್ಜಿ ಊಟದ ಪಾತ್ರೆಗಳಿಗೆಲ್ಲ ಸೋಪು ಹಚ್ಚಿ, ಎಂದಿನಂತೆ ಸಣ್ಣ ನೀರಿನಲ್ಲಿ ಜಾಲಿಸಿ, ಮೆಷೀನಿನಲ್ಲಿ ಜೋಡಿಸಿಟ್ಟಿದ್ದ. ಅವಳು ಗುಂಡಿ ಒತ್ತಿದಳು. ಸ್ವಲ್ಪ ಹೊತ್ತಿಗೆ ಬಾಗಿಲ ಕೆಳಗೆ ನೀರು ಕಾಣಿಸಿತು. ಅವಳು ಬಟ್ಟೆ ಹಿಡಿದು ನೆಲದ ಮೇಲೆ ಕೂತಳು.

"ನಾಳೆ ಊರಿಗೆ ಹೊರಡ್ತೀನಮ್ಮ" ಎಂದ ದರ್ಜಿ.

"ಊರಲ್ಲಿ ಯಾರಿದ್ದಾರಪ್ಪಾ?"

"ಅಂಗಡಿ ಇದೆಯಲ್ಲ. ನಾನು ಬರೋ ತನಕ ಇದು ಸೋರ್ತಿರಲಿಲ್ಲ. ನನ್ನಿಂದ ನಿಮಗೆ ತೊಂದರೆ."

ಮಗಳು ಒರೆಸುವುದನ್ನು ನಿಲ್ಲಿಸಿದಳು. ಅಪ್ಪನನ್ನು ನೋಡಿದಳು, ಮೆಷೀನನ್ನು ನೋಡಿದಳು. "ಅದೇನೋ ನಿಜ" ಎಂದಳು.

ದರ್ಜಿ ಚೀಲವಿದ್ದ ಕೋಣೆಯ ಕಡೆ ನೋಡಿದ. ತಾನೇ ಹೇಳಿದ ಮಾತು, ಆದರೂ ಮಗಳು ಅಲ್ಲವೆನ್ನುತ್ತಾಳೆ ಎಂದುಕೊಂಡಿದ್ದ.

ಅವಳು ಮೆಷೀನಿನ ಕಡೆ ತಿರುಗಿದಳು. ಇಷ್ಟು ದಿನ ಮೆಷೀನು ಓಡಿ ಮುಗಿದ ಮೇಲೆ ಮಾತ್ರ ಬಾಗಿಲು ತೆರೆಯುತ್ತಿದ್ದಳು. ಇವತ್ತು ನಡುವೆಯೇ ನಿಲ್ಲಿಸಿ ತೆರೆದಳು. ಒಳಗೆ ಪಾತ್ರೆಗಳೇ ಕಾಣಲಿಲ್ಲ. ಉಕ್ಕಿದ ಹಾಲಿನ ಹಾಗೆ ಬಿಳಿ ನೊರೆ ತುಂಬಿತ್ತು. ಬಾಗಿಲು ತೆರೆದದ್ದೇ ತಡ, ನೊರೆ ಅಂಚು ದಾಟಿ ನೆಲಕ್ಕಿಳಿಯಿತು. ಮೆಷೀನಿಗೆ ಹಾಕುವ ಪುಡಿಗೆ ನೊರೆ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಒಂದು ಲೋಟ ತೆಗೆದು ಮೂಸಿದಳು. ನಿಂಬೆಯ ವಾಸನೆ. ಸಿಂಕಿನ ಪಕ್ಕದ ಬಾಟಲಿಯನ್ನು ನೋಡಿದಳು. ಅದು ಈಚೆಗೆ ಬೇಗ ಬೇಗ ಖಾಲಿಯಾಗುತ್ತಿತ್ತು.

"ಅಪ್ಪಾ, ಈ ಪಾತ್ರೆ ನೀನು ತೊಳೆದಿಟ್ಟಿದ್ದಾ?"

ದರ್ಜಿ ತಲೆ ತಗ್ಗಿಸಿದ. "ಎಂಜಲು ಹೇಗಮ್ಮ ಇಡೋದು?"

"ದಿನಾ ತೊಳೆದಿಡ್ತಿದ್ಯಾ?"

"ನಿನ್ನ ಕೈ ನೋವು ಅಂತ..."

"ಅಯ್ಯೋ ದೇವರೇ. ತೊಳೆದ ಪಾತ್ರೆ ತೊಳೆಯೋಕೆ ಯಾರಾದ್ರೂ ಮೆಷೀನು ತರ್ತಾರೇನಪ್ಪಾ?" ಮಗಳಿಗೆ ನಗು ಬಂತು. ನಗುತ್ತಿದ್ದವಳು ನಡುವೆಯೇ ನಗು ನಿಲ್ಲಿಸಿದಳು. "ನಾನು ಚಿಕ್ಕೋಳಿದ್ದಾಗ ಬಿಸಿ ಇಡ್ಲೀನ ನಿನ್ನ ಬಾಯಲ್ಲಿ ಕಚ್ಚಿ ಆರಿಸಿ ನನ್ನ ಬಾಯಿಗೆ ಇಡ್ತಿದ್ದೆ. ಆಗ ಎಂಜಲು ಅನ್ನಿಸಲಿಲ್ವಾ ನಿನಗೆ?"

ದರ್ಜಿ ಬಗ್ಗಿ ನೆಲದ ನೊರೆ ಒರೆಸತೊಡಗಿದ.

ಅವಳು ಪಾತ್ರೆಗಳನ್ನೆಲ್ಲ ಹೊರಗೆ ತೆಗೆದಳು. ನಲ್ಲಿಯನ್ನು ಪೂರಾ ತಿರುಗಿಸಿ, ಸೋಪಿನ ಜಾರು ಹೋಗುವ ತನಕ ಒಂದೊಂದನ್ನೂ ಜಾಲಿಸು ಎಂದು ಅಪ್ಪನಿಗೆ ಹೇಳಿದಳು. ತಾನು ಬೋಗುಣಿಯಲ್ಲಿ ಮೆಷೀನಿನ ನೊರೆ ಬಾಚಿ ಸಿಂಕಿಗೆ ಹಾಕಿದಳು. ಒಂದಿಷ್ಟು ಉಪ್ಪು ಎರಚಿದಾಗ ಉಳಿದ ನೊರೆ ಕುಗ್ಗಿತು. ಪುಡಿ ಹಾಕದೆ ಬರಿಯ ನೀರಿನಲ್ಲಿ ಮೆಷೀನು ಓಡಿಸಿದಳು. ತೆರೆದು ನೋಡಿದರೆ ಇನ್ನೂ ಸ್ವಲ್ಪ ನೊರೆ ಇತ್ತು. ಮತ್ತೆ ಓಡಿಸಿದಳು. ಒಳಗೆ ತಿಳಿನೀರು ಕಾಣುವ ತನಕ ಬಿಡಲಿಲ್ಲ.

ಸಂಜೆ ಮೂವರೂ ದೋಸೆ ತಿಂದರು. ದರ್ಜಿ ತನ್ನ ತಟ್ಟೆ ಹಿಡಿದು ಸಿಂಕಿನ ಮುಂದೆ ನಿಂತ. ಕೈ ನಲ್ಲಿಯ ತನಕ ಹೋಯಿತು. ಮಗಳು ನೋಡುತ್ತಿದ್ದಳು. ಅವನು ಕೈ ಹಿಂದಕ್ಕೆ ತೆಗೆದ. ಉಳಿದಿದ್ದ ಕರಿಬೇವನ್ನು ಬುಟ್ಟಿಗೆ ಉದುರಿಸಿ, ಚಟ್ನಿ ಮೆತ್ತಿದ ತಟ್ಟೆಯನ್ನು ಹಾಗೆಯೇ ಮಗಳ ತಟ್ಟೆಯ ಪಕ್ಕದಲ್ಲಿ ನಿಲ್ಲಿಸಿದ. ಅವನ ಮುಖ ಕೆಂಪಾಗಿತ್ತು.

ಮಗಳು ಪುಡಿ ಹಾಕಿ ಬಾಗಿಲು ಮುಚ್ಚಿದಳು. ಮೂವರೂ ಅಲ್ಲೇ ಕುರ್ಚಿ ಎಳೆದುಕೊಂಡು ಕೂತರು. "ಸಿನಿಮಾಕ್ಕೆ ಬಂದ ಹಾಗಾಯ್ತು" ಎಂದ ಅಳಿಯ. ಮೆಷೀನು ಗುರ್ ಎಂದಿತು, ನಿಂತಿತು, ಮತ್ತೆ ಗುರ್ ಎಂದಿತು. ಓಡಿ ಮುಗಿದ ಮೇಲೆ ಮಗಳು ಬಗ್ಗಿ ಬಾಗಿಲ ಕೆಳಗೆ ಅಂಗೈ ಇಟ್ಟು ನೋಡಿದಳು. ನೆಲ ಒಣಗಿತ್ತು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಮರಿಸ್ವಾಮಿ ಕೇಳಿದ. "ಆ ದರ್ಜಿ ಮಾರನೆಯ ದಿನ ಊರಿಗೆ ಹೊರಟನೇ, ಗುರುಗಳೇ?"

"ಮಾರನೆಯ ದಿನ ಬೆಳಗ್ಗೆ ಅವನು ಮಗಳಿಗೆ, ಕಾಫಿಗೆ ಸಕ್ಕರೆ ಸಾಲದು, ಇನ್ನೊಂದು ಚಮಚ ಹಾಕು ಎಂದ."