ಹನ್ನೊಂದು ಸಾವಿರ ಬರ್ತೀವಿ

ನದಿಯ ದಂಡೆಯ ಮೇಲೆ ಬೆಸ್ತರ ಏಳು ಗುಡಿಸಲು. ಅವುಗಳ ಬೆನ್ನಿಗೇ ಒಂದು ಚಿಕ್ಕ ಮಠ. ಮಠದಲ್ಲಿದ್ದವರು ಇಬ್ಬರೇ, ಅಜ್ಜ ಮತ್ತು ಅವರ ಶಿಷ್ಯ ಯಂಕೋಬ.

ಹೋಟೆಲು ಕಟ್ಟುವವರಿಗೆ ಆ ದಂಡೆ ಬೇಕಾಗಿತ್ತು. ಗುಡಿಸಲು ಕೀಳಬೇಕೆಂದು ನೋಟಿಸು ಬಂತು.

ಯಂಕೋಬ ಸುಮ್ಮನೆ ಕೂರುವ ಪೈಕಿ ಅಲ್ಲ. ಬೆಸ್ತರ ಮುದುಕಿ ಹುಲಿಗೆಮ್ಮ ತನ್ನ ಹರಿಗೋಲಿನ ಪಕ್ಕ ನಿಂತು "ನಾ ಎಲ್ಲಿ ಹೋಗ್ಲಿ?" ಅಂದದ್ದನ್ನು ವಿಡಿಯೊ ಮಾಡಿ ಫೋನಿನಲ್ಲಿ ಬಿಟ್ಟ. ಎರಡೇ ದಿನಕ್ಕೆ ಲಕ್ಷ ಜನ ನೋಡಿದರು.

ನೋಟಿಸು ಕಳಿಸಿದ್ದ ಸಾಹೇಬರು ಯಾವತ್ತೂ ಜೀಪಿನಿಂದ ಕೆಳಗಿಳಿದವರಲ್ಲ, ಮೂರನೆಯ ದಿನ ಇಳಿದು ಬಂದರು.

"ಹದಿನೈದು ದಿನ ಟೈಮ್ ಕೊಡ್ತೀನಿ. ಹಳ್ಳದ ಪಕ್ಕ ಜಾಗಾನೂ ಕೊಡ್ತೀನಿ. ಈ ಕಾಗದದ ಮ್ಯಾಲ ಹೆಬ್ಬೆಟ್ಟು ಒತ್ರಿ."

ಹುಲಿಗೆಮ್ಮ ಕೈ ಚಾಚಿದಳು. ಯಂಕೋಬ ಆ ಕೈ ಹಿಡಿದ.

"ಒತ್ತಬ್ಯಾಡವ್ವಾ. ನಮ್ಮ ಹಿಂದ ಮಂದಿ ಅದಾರ."

ಸಾಹೇಬರು ಕಾಗದ ಮಡಚಿಕೊಂಡರು. "ಹಂಗಾದ್ರ ಸೋಮವಾರ ಬುಲ್ಡೋಜರ್ ಬರ್ತದ," ಅಂದು ಜೀಪು ಹತ್ತಿದರು. ಯಂಕೋಬ ಆಗಲೇ "ಸೋಮವಾರ ಎಲ್ಲಾರೂ ದಂಡಿಗೆ ಬರ್ರಿ" ಅಂತ ಫೋನಿನಲ್ಲಿ ಬರೆದು ಹಾಕಿದ.

ಭಾನುವಾರ ಸಂಜೆ ಅಜ್ಜ ಹಿಟ್ಟಿನ ಡಬ್ಬಿ ಮುಂದಿಟ್ಟುಕೊಂಡು ಕೇಳಿದರು.

"ನಾಳೆಗೆ ಎಷ್ಟು ಮಂದಿಗೆ ರೊಟ್ಟಿ ಬಡೀಲಿ?"

"ಹನ್ನೊಂದು ಸಾವಿರ ಮಂದಿ ಬರ್ತೀವಿ ಅಂತ ಬರದಾರ್ರಿ, ಅಜ್ಜಾರ."

"ಅದರಾಗ ಒಬ್ಬಂದು ಹೆಸರು ಹೇಳು."

ಯಂಕೋಬ ಫೋನು ನೋಡಿದ. "ಕಿಡಿ ಹುಲಿ."

"ಹುಲೀದು ಯಾವೂರು?"

"ಗೊತ್ತಿಲ್ರಿ."

"ರೊಟ್ಟಿ ತಿಂತದೋ, ಇಲ್ಲೋ?"

ಯಂಕೋಬನಿಗೆ ಸಿಟ್ಟು ಬಂತು. "ಸಾಹೇಬರನ್ನ ಜೀಪಿನಿಂದ ಇಳಿಸಿದ್ದು ಇದೇ ಮಂದಿ ಅಲ್ಲೇನ್ರಿ?"

"ಹೌದಪಾ. ಅವರೇ ಇಳಿಸಿದ್ರು."

ಅಜ್ಜ ಏಳು ಗುಡಿಸಲಿಗೆ ಸಾಕಾಗುವಷ್ಟು ರೊಟ್ಟಿ ಬಡಿದು ಡಬ್ಬಿ ಮುಚ್ಚಿದರು.

ಸೋಮವಾರ ಬೆಳಕು ಹರಿಯುತ್ತಲೇ ಯಂಕೋಬ ಡಾಂಬರು ರಸ್ತೆಗೆ ಹೋಗಿ ನಿಂತ. ಏಳರ ಬಸ್ಸಿನಿಂದ ಖಾಲಿ ಹಾಲಿನ ಕ್ಯಾನು ಇಳಿದವು. ಎಂಟರ ಬಸ್ಸು ನಿಲ್ಲಲೇ ಇಲ್ಲ. ಒಂಬತ್ತಕ್ಕೆ ಬುಲ್ಡೋಜರ್ ಬಂತು, ಅದರ ಹಿಂದೆ ಎರಡು ವ್ಯಾನು ಪೊಲೀಸರು.

ಅವನು ಏದುಸಿರು ಬಿಡುತ್ತ ದಂಡೆಗೆ ಓಡಿದ. ಅಲ್ಲಿ ಅಜ್ಜ ಹುಲಿಗೆಮ್ಮನ ಗಡಿಗೆ, ಬಲೆ, ಕೌದಿ ಹೊತ್ತು ಹೊರಗಿಡುತ್ತಿದ್ದರು.

"ಅಡ್ಡ ನಿಲ್ಲೋದು ಬಿಟ್ಟು ಸಾಮಾನು ಹೊರ್ತೀರೇನ್ರಿ, ಅಜ್ಜಾರ?"

"ನಿಲ್ಲಾಕ ನೀ ಅದೀಯಲ್ಲ. ಹೋಗಿ ನಿಲ್ಲು."

ಯಂಕೋಬ ಹೋಗಿ ನಿಂತ. ಒಬ್ಬನೇ. ಇಬ್ಬರು ಪೇದೆಗಳು ಅವನನ್ನು ಚೀಲ ಎತ್ತಿದ ಹಾಗೆ ಎತ್ತಿ ಬದಿಗಿಟ್ಟರು.

ಅರ್ಧ ಗಂಟೆಯೂ ಹಿಡಿಯಲಿಲ್ಲ. ಏಳೂ ನೆಲಕ್ಕೆ ಬಿದ್ದವು. ದಂಡೆಗೆ ಬೋರಲು ಹಾಕಿದ್ದ ಹರಿಗೋಲೂ ಚಕ್ರಕ್ಕೆ ಸಿಕ್ಕಿ ನುಚ್ಚಾಯಿತು. ಹಳ್ಳದ ಪಕ್ಕದ ಜಾಗ ಕೇಳಿದರೆ, "ಯಾವ ಜಾಗ?" ಅಂದರು ಸಾಹೇಬರು, ಜೀಪಿನೊಳಗಿಂದಲೇ.

ಹುಲಿಗೆಮ್ಮ ಬೈಯಲಿಲ್ಲ.

"ಹದಿನೈದು ದಿನ ಸಿಗ್ತಿದ್ದವಲ್ಲಪಾ," ಅಂದಳು, ಅಷ್ಟೇ.

ಯಂಕೋಬನ ಜೇಬಿನಲ್ಲಿ ಫೋನು ಗುಂಯ್ ಅನ್ನುತ್ತಲೇ ಇತ್ತು. ತೆಗೆದು ನೋಡಿದ. ಬರ್ತೀವಿ. ಬರ್ತೀವಿ ಅಣ್ಣ. ಖಂಡಿತ ಬರ್ತೀವಿ.

"ಇಷ್ಟೂ ಮಂದಿ ಸುಳ್ಳು ಹೇಳಿದ್ರೇನ್ರಿ, ಅಜ್ಜಾರ?"

ಅಜ್ಜ ಬಯಲಲ್ಲಿ ಕೂತವರಿಗೆ ರೊಟ್ಟಿ ಹಂಚುತ್ತಿದ್ದರು. ಇವನ ಕಡೆಗೂ ಒಂದು ರೊಟ್ಟಿ ಚಾಚಿದರು.

ಆ ಮುದುಕಿಯ ಎದುರು ಕೂತು ಉಣ್ಣುವ ಮುಖ ಯಂಕೋಬನಿಗೆ ಇರಲಿಲ್ಲ. ಮಠಕ್ಕೆ ಹೋಗಿ ತನ್ನ ಚೀಲ ಹೆಗಲಿಗೇರಿಸಿಕೊಂಡು ಬಂದ. ಬಗ್ಗಿ ಅಜ್ಜನ ಕಾಲು ಮುಟ್ಟಿದ.

"ಬರ್ತೀನ್ರಿ."

"ಬರಾವ್ರೂ ಹಂಗ ಅಂತಾರ, ಹೋಗಾವ್ರೂ ಹಂಗ ಅಂತಾರ. ನೀ ಯಾವ ಬರ್ತೀನಿ ಅಂದಿ, ಯಂಕೋಬ?"