ಬಳ್ಳಿ ಇಳಿಸಿದ ದಿನ

"ಗುರುಗಳೇ, ಮೆದುಳಿನ ಕೋಶಗಳ ಸುತ್ತ ಸಣ್ಣ ಬಲೆಯೊಂದು ಹೆಣೆದುಕೊಂಡಿರುತ್ತದೆ. ಹಳೆಯ ನೆನಪನ್ನು ಜಾರದಂತೆ ಹಿಡಿದಿಡುವುದು ಅದೇ, ವಯಸ್ಸಾದವರಿಗೆ ಹೊಸದನ್ನು ಕಲಿಯಲು ಬಿಡದಿರುವುದೂ ಅದೇ ಎನ್ನುತ್ತಾರೆ. ಅದನ್ನು ಪೂರ್ತಿ ಕರಗಿಸಿಬಿಟ್ಟರೆ ನಾನೂ ಮಗುವಿನ ಹಾಗೆ ಕಲಿಯಬಹುದಲ್ಲವೇ?"

ಕೇಳಿದವನು ಪರ್ವತಯ್ಯ. ವೈದ್ಯವೃತ್ತಿ ಬಿಟ್ಟು ಐವತ್ತೆಂಟನೆಯ ವಯಸ್ಸಿನಲ್ಲಿ ಪದ್ಯ ಕಲಿಯಲು ಬಂದವನು. ಆರು ತಿಂಗಳಾದರೂ ಒಂದು ಪದ್ಯವೂ ಬಾಯಿಗೆ ಬಂದಿರಲಿಲ್ಲ. ಎರಡು ಸಾಲು ಹೇಳುವಷ್ಟರಲ್ಲಿ, ತೀರಿಕೊಂಡ ತಾಯಿ ರಾಗಿ ಬೀಸುತ್ತ ಹಾಡುತ್ತಿದ್ದ ಹಾಡು ನಾಲಿಗೆಗೆ ಬಂದುಬಿಡುತ್ತಿತ್ತು. ಉಳಿದ ಶಿಷ್ಯರು ನಗುತ್ತಿದ್ದರು. ಅವನು ಊರಿಗೆ ಮರಳಲು ಬಟ್ಟೆಬರೆ ಕಟ್ಟಿಟ್ಟಿದ್ದ.

ಗುರು ಹೇಳಿದರು: "ಮೆದುಳು ನಿನಗೆ ಗೊತ್ತು. ನನಗೆ ಗೊತ್ತಿರುವುದು ವೀಳ್ಯದೆಲೆ ತೋಟ ಅಷ್ಟೇ. ಹೊರಡುವ ಮೊದಲು ಕೇಳಿಕೊಂಡು ಹೋಗು."

ಒಬ್ಬ ತೋಟಗಾರನಿದ್ದ. ಅವನ ತಾಯಿ ನೆಟ್ಟ ವೀಳ್ಯದ ಬಳ್ಳಿಯೊಂದಿತ್ತು. ಅದು ಬೆಳೆದಂತೆಲ್ಲ ಆಕೆ ಗೇಣಿಗೊಂದರಂತೆ ಬಾಳೆನಾರಿನಿಂದ ಅದನ್ನು ಮರಕ್ಕೆ ಕಟ್ಟಿದ್ದಳು. ಆ ಕಟ್ಟುಗಳಿಂದಲೇ ಎಂಥ ಗಾಳಿಗೂ ಬಳ್ಳಿ ಜಾರಲಿಲ್ಲ.

ವೀಳ್ಯದ ಬಳ್ಳಿಯನ್ನು ವರ್ಷಕ್ಕೊಮ್ಮೆ ಬಿಚ್ಚಿ ಕೆಳಗಿಳಿಸಬೇಕು. ತಾಯಿ ತೀರಿಕೊಂಡ ಮೇಲೆ, ಅವಳ ಕೈಯ ಗಂಟು ಬಿಚ್ಚಲು ಮಗನಿಗೆ ಮನಸ್ಸಾಗಲಿಲ್ಲ. ಬಳ್ಳಿ ಮರದ ತುದಿ ಮುಟ್ಟಿತು. ಹತ್ತಲು ಇನ್ನು ಜಾಗವಿಲ್ಲ. ಎಲೆಗಳು ಬೆರಳಿನಷ್ಟಾದವು. ಒಂದು ದಿನ ಅವನು ತನ್ನ ಮೇಲೆಯೇ ರೇಗಿ, ಎಲ್ಲ ಕಟ್ಟನ್ನೂ ಕೊಯ್ದುಹಾಕಲು ಕುಡುಗೋಲು ಹಿಡಿದ. ಅವನ ಸೊಸೆ ಓಡಿ ಬಂದಳು.

"ಮಾವ, ಒಟ್ಟಿಗೆ ಕೊಯ್ದ್ರೆ ಬಳ್ಳಿ ತನ್ನ ಭಾರಕ್ಕೇ ಮುರಿಯುತ್ತೆ. ಒಂದೊಂದೇ ಬಿಚ್ಚಿ, ನಾನು ಹಿಡ್ಕೊಂಡಿರ್ತೀನಿ."

ಅವನು ಒಂದೊಂದೇ ಬಿಚ್ಚಿದ. ಅವಳು ಬಳ್ಳಿಯನ್ನು ತೋಳಿನಲ್ಲಿ ಇಳಿಸಿಕೊಂಡಳು. ಹಳೆಯ ಕಾಂಡವನ್ನು ಸುತ್ತಿ ಬುಡದ ಮಣ್ಣಿನಲ್ಲಿ ಹೂತು, ಎಳೆಯ ತುದಿಯನ್ನು ಮಾತ್ರ ಮತ್ತೆ ಮರಕ್ಕೆ ಕಟ್ಟಿದಳು.

"ಅವ್ವ ಬೆಳೆಸಿದ್ದೆಲ್ಲ ಮಣ್ಣುಪಾಲಾಯ್ತಲ್ಲಮ್ಮ" ಎಂದು ಅವನು ಅತ್ತುಬಿಟ್ಟ.

"ಇಲ್ಲ ಮಾವ, ಅದು ಅಲ್ಲೇ ಬೇರು ಬಿಡುತ್ತೆ. ಚಿಗುರಿಗೆ ಉಣ್ಣಿಸೋದು ಇನ್ಮೇಲೆ ಅದೇ."

ಮುಂದಿನ ಮಳೆಗಾಲದಲ್ಲಿ ಆ ಬಳ್ಳಿಯ ಎಲೆ ಅಂಗೈಯಗಲ ಬಂದಿತ್ತು.

ಕತೆ ಮುಗಿಸಿ ಗುರು ಪದ್ಯದ ಹಾಳೆಯನ್ನು ಪರ್ವತಯ್ಯನ ಕೈಗಿಟ್ಟರು. ಅವನು ಅದನ್ನು ನೋಡುತ್ತ ಕುಳಿತ. ಕಣ್ಣು ತುಂಬಿ ಅಕ್ಷರ ಕಾಣಲಿಲ್ಲ, ಏಕೆಂದರೆ ಗುರು ಇಷ್ಟೇ ಹೇಳಿದ್ದರು:

"ಇವತ್ತು ಇದನ್ನು ನಿನ್ನ ತಾಯಿಯ ಬೀಸುವ ಹಾಡಿನ ಧಾಟಿಯಲ್ಲಿ ಹಾಡು."