ಸೊನ್ನೆ ಕರೆಂಟಿನ ವ್ರತ

"ಗುರುಗಳೇ, ಹಿಡಿದ ವ್ರತವನ್ನು ಕೊನೆಯವರೆಗೆ ಪಾಲಿಸಿದವನಿಗೂ ಪಾಪ ತಟ್ಟುವುದುಂಟೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಮೂರಂತಸ್ತಿನ ಮಳಿಗೆ ಕಟ್ಟಲು ಹೊರಟವನು ದೇವರ ಮುಂದೆ ದೀಪ ಹಚ್ಚಿ ವ್ರತ ಹಿಡಿದ. ಮಳಿಗೆಗೆ ಬೇಕಾದ ಕರೆಂಟನ್ನೆಲ್ಲ ಚಾವಣಿಯ ಮೇಲೆ ಬೀಳುವ ಬಿಸಿಲಿನಿಂದಲೇ ಪಡೆಯಬೇಕು. ವರ್ಷ ತುಂಬಿದಾಗ ಹೊರಗಿನಿಂದ ತಂದದ್ದು ಸೊನ್ನೆ ಎನ್ನಿಸಬೇಕು. ವ್ರತ ಒಳ್ಳೆಯದೇ. ಅದನ್ನು ನಾನು ಹಳಿಯುವುದಿಲ್ಲ.

ಒಬ್ಬ ಮೇಸ್ತ್ರಿ ಅದಕ್ಕೆ ತಕ್ಕಂತೆ ಕಟ್ಟಿಕೊಟ್ಟ. ಪಡುವಣ ಗೋಡೆಗೆ ಕಿಟಕಿ ಇಡಲಿಲ್ಲ. ನಟ್ಟನಡುವೆ, ನೆಲದಿಂದ ಚಾವಣಿಯವರೆಗೆ, ತೆರೆದ ಅಂಗಳ ಬಿಟ್ಟ. ತಂಪು ಗಾಳಿ ಕೆಳಗಿನಿಂದ ಬರುತ್ತಿತ್ತು, ಬಿಸಿ ಗಾಳಿ ಮೇಲಿನಿಂದ ಹೋಗುತ್ತಿತ್ತು. ಮೂರನೆಯ ಅಂತಸ್ತಿನಲ್ಲಿ ಹೊಲಿಗೆ ಹಾಕುವ ಇಪ್ಪತ್ತು ಹೆಂಗಸರಿಗೆ ನಡುಮಧ್ಯಾಹ್ನವೂ ಎರಡು ಫ್ಯಾನು ಸಾಕಾಗುತ್ತಿದ್ದವು. ಮೊದಲ ವರ್ಷ ಸೊನ್ನೆ ಬಂತು. ಊರು ಹೊಗಳಿತು.

ಎರಡನೆಯ ವರ್ಷ ವ್ಯಾಪಾರಿಯ ಕಣ್ಣು ಆ ಅಂಗಳದ ಮೇಲೆ ಬಿತ್ತು. "ಬರಿಗಾಳಿ ಓಡಾಡಲು ಇಷ್ಟು ಜಾಗವೇ?" ಎಂದು ಅಂತಸ್ತು ಅಂತಸ್ತಿಗೂ ಮುಚ್ಚಿಸಿ ಸೀರೆ ಹರಡಿದ. ಗಾಳಿ ನಿಂತಿತು. ಕೆಳಗೆ ಗಿರಾಕಿಗಳಿಗೂ ತನ್ನ ಗಾದಿಗೂ ಎಸಿ ಹಾಕಿಸಿದ. ಬಿಸಿಲಿನ ಕರೆಂಟು ಸಾಲದೆ ಬಂತು. ಆಗ ಅವನು ಅಂಗಳ ತೆರೆಯಲಿಲ್ಲ, ಎಸಿ ನಿಲ್ಲಿಸಲಿಲ್ಲ. ಹೊಲಿಗೆ ಕೋಣೆಯ ಫ್ಯಾನುಗಳನ್ನು ಬಿಚ್ಚಿಸಿದ.

ವೈಶಾಖದ ಬಿಸಿಲು. ಹೊಲಿಗೆಯವರಲ್ಲಿ ಹಿರಿಯಳಾದ ದ್ಯಾಮವ್ವ ಕೆಳಗಿಳಿದು ಬಂದಳು.

"ಸಾವಕಾರ್ರ, ಹಂಚಿನ ಮ್ಯಾಲಿನ ರೊಟ್ಟಿ ಆಗೇವ್ರಿ ನಾವು. ನೀಲವ್ವ ಏಳು ತಿಂಗಳ ಬಸರಿ, ಎರಡು ಸಲ ತಲಿತಿರುಗಿ ಬಿದ್ದಾಳ. ಒಂದ ಫ್ಯಾನರ ಹಾಕಿಸ್ರಿ."

"ವ್ರತ ಐತಿ ಯವ್ವಾ. ಸೂರ್ಯಪ್ಪ ಕೊಟ್ಟಷ್ಟರಾಗ ಬಾಳಬೇಕು. ವರ್ಷ ತುಂಬಾಕ ಎರಡ ತಿಂಗಳು, ತಡಕೊಳ್ರಿ. ನಿಮಗೂ ಪುಣ್ಯ ಬರ್ತೈತಿ."

"ಹಂಗಾರ ನಿಮ್ಮ ಗಾದಿ ಮ್ಯಾಲಿನ ಎಸಿಗೆ ಬ್ಯಾರೆ ಸೂರ್ಯ ಅದಾನೇನ್ರಿ?"

ಗಿರಾಕಿಗಳು ನಕ್ಕರು. ವ್ಯಾಪಾರಿ ಅಂದೇ ಅವಳನ್ನು ಕೆಲಸದಿಂದ ಬಿಡಿಸಿದ. ಮೇಲಿನ ಹೆಂಗಸರು ಬಾಯಿ ಹೊಲಿದುಕೊಂಡು ದುಡಿದರು.

ಎಂಟು ದಿನ ಕಳೆದಿರಲಿಲ್ಲ, ನೀಲವ್ವ ಮತ್ತೆ ಬಿದ್ದಳು. ಈ ಸಲ ಮೆಟ್ಟಿಲ ಮೇಲೆ. ಅವಳು ಬದುಕಿದಳು, ಹೊಟ್ಟೆಯ ಕೂಸು ಉಳಿಯಲಿಲ್ಲ.

ವರ್ಷ ತುಂಬಿತು. ಮಳಿಗೆಗೆ ಮತ್ತೆ ಸೊನ್ನೆಯೇ ಬಂತು. ವ್ಯಾಪಾರಿ ಮಡಿಯುಟ್ಟು ಗುಡಿಗೆ ಹೋಗಿ ಹಣ್ಣುಕಾಯಿ ಮಾಡಿಸಿದ. ಪೂಜಾರಿ ಅವನ ಕೊರಳಿಗೆ ಹಾರ ಹಾಕಿದ.

ಇಷ್ಟು ಹೇಳಿ ಗುರುಗಳು ಕಥೆ ಮುಗಿಸಿದರು.

ಶಿಷ್ಯ ಮೆಲ್ಲಗೆ ಹೇಳಿದ: "ಅವನು ಮಾಡಿದ್ದು ತಪ್ಪೇ, ಗುರುಗಳೇ. ಆದರೂ ವ್ರತವನ್ನಂತೂ ಮುರಿಯಲಿಲ್ಲವಲ್ಲ."

ಗುರುಗಳು ಎದ್ದು ನಿಂತರು.

"ಏಕಾದಶಿ ತನ್ನದು, ಉಪವಾಸ ಆಳಿನದು, ಅದನ್ನು ವ್ರತವೆನ್ನಲು ನಿನಗೆ ನಾಲಗೆಯಾದರೂ ಹೇಗೆ ಬಂತು?"